ಶಾವಿಗೆ ಮಷಿನ್ನಿನ ಸಾಲ

ಮೇ 6, ಸೋಮವಾರ

ಥಾಣೆಯಲ್ಲಿ ಲೋಕಲ್ ರೈಲು ಬದಲಿಸುವಾಗ ಚಪ್ಪಲಿಯ ಬಾರು ಕಿತ್ತುಹೋಯಿತು. ಘಣಸೋಲಿ ತನಕ ಒಂದು ಕಾಲು ಎಳೆದುಕೊಂಡೇ ಹೋದೆ. ಮಹಾಪೆಯ ಆಫೀಸು ಮುಟ್ಟುವಷ್ಟರಲ್ಲಿ ಪಕ್ಕದ ಸೀಟಿನ ಹರಿಣಾಕ್ಷಿ ಹೆಡ್‌ಫೋನ್ ಹಾಕಿಕೊಂಡು ಶುರು ಮಾಡಿದ್ದಳು. ಉಡುಪಿ ಕಡೆಯವಳು. "ನಮಸ್ಕಾರ, ತಮಗೆ ಸಾಲದ ಅಗತ್ಯ ಉಂಟಾ?" ಆ ಕಡೆಯವರು ಕಟ್. ದಿನವಿಡೀ ಕಟ್.

"ನಿನ್ನ ಹತ್ರ ಮಾತ್ರ ಅವರು ಹೇಗೆ ಮಾತಾಡ್ತಾರೆ ಮಾರಾಯ್ತಿ?"

ನಾನು ಮೊದಲಿಗೆ ಸಾಲದ ಸುದ್ದಿಯೇ ಎತ್ತುವುದಿಲ್ಲ. ಊಟ ಆಯ್ತೇನ್ರಿ ಅಕ್ಕ, ಬಿಸಲು ಭಾಳ ಅದ ಏನ್ರಿ... ಸಿಂದಗಿ, ಇಂಡಿ, ಆಳಂದ, ಸುರಪುರ. ಎಲ್ಲ ನಮ್ಮ ಕಡೆಯ ಹಳ್ಳಿಗಳೇ. ಮದುವೆಯಾಗಿ ಮುಂಬೈ ಹತ್ತಿರದ ಕಳವಾಕ್ಕೆ ಬಂದ ಮೇಲೆ ಈ ಭಾಷೆ ಗಂಡನ ಜೊತೆ ಜಗಳಕ್ಕೆ ಬಿಟ್ಟರೆ ಯಾವುದಕ್ಕೂ ಬೇಕಾಗಿರಲಿಲ್ಲ. ಈಗ ಇದಕ್ಕೇ ಪಗಾರ.

ಮಧ್ಯಾಹ್ನ ಇಂಡಿ ತಾಲೂಕಿನ ಒಬ್ಬಾಕೆ ಸಿಕ್ಕಳು. ಸಾಬವ್ವ. ಗಂಡ ತೀರಿಹೋಗಿದ್ದಾನೆ, ಮಕ್ಕಳಿಲ್ಲ, ಅಣ್ಣನ ಮನೆಯ ಪಡಸಾಲೆಯಲ್ಲಿ ಇದ್ದಾಳೆ. ಪಕ್ಕದೂರಿನಲ್ಲಿ ಯಾರೋ ಹಳೆಯ ಶಾವಿಗೆ ಮಷಿನ್ ಮಾರುತ್ತಿದ್ದಾರಂತೆ.

"ಬ್ಯಾಂಕಿಗೆ ಹೋಗಿದ್ದೆನವ್ವಾ. ಜಾಮೀನಿಗೆ ಯಾರನ್ನರೆ ಕರ್ಕೊಂಡ್ ಬಾ ಅಂದ್ರು. ನನಗ ಯಾರ್ ನಿಲ್ತಾರ? ಹೆಣ್ಮಕ್ಕಳ ಸಂಘದಾಗ ಮೊದಲಿನ ಸಾಲಾನೇ ತೀರಿಲ್ಲ. ಊರಾಗ ಬಡ್ಡಿಗೆ ಕೊಡಾವ್ರು ಕಿವ್ಯಾಗಿನ ಬೆಂಡೋಲಿ ಬಿಚ್ಚಿಡು ಅಂತಾರ. ಅವನ್ನ ಎಂದೋ ಬಿಚ್ಚಿಟ್ಟೀನಿ."

"ನಮ್ಮಲ್ಲಿ ಜಾಮೀನು ಬ್ಯಾಡ್ರಿ ಅಕ್ಕ. ಆಧಾರ್ ಒಂದಿದ್ರ ಸಾಕು."

"ಖರೇನು?"

"ಖರೇ ರಿ."

ಆ್ಯಪ್ ಹಾಕಿಸಿದೆ. ಒಂದೊಂದೇ ಹೆಜ್ಜೆ ಹೇಳುತ್ತ ಹೋದೆ. ನಡುವೆ ನಿಲ್ಲಿಸಿದಳು. "ನನ್ನ ಫೋನಿನಾಗಿನ ಮಂದಿ ನಂಬರ್ ನೋಡ್ಲೇನು ಅಂತ ಕೇಳ್ತದಲ್ಲ. ಫೋಟೋನೂ ನೋಡ್ಲೇನು ಅಂತದ. ಇವಕ್ಕ್ಯಾಕ ಬೇಕು?"

"ಅದೆಲ್ಲಾ ಕಂಪನಿ ರೂಲ್ಸ್ ರಿ. ಕೇಳಿದಲ್ಲೆಲ್ಲ ಹೂಂ ಅಂತ ಒತ್ರಿ."

ಒತ್ತಿದಳು. ಸಂಜೆಯೊಳಗೆ ರೊಕ್ಕ ಅವಳ ಖಾತೆಗೆ ಬಿತ್ತು. ಹೇಳಿದ್ದಕ್ಕಿಂತ ಕಡಿಮೆ ಬಂದಿದೆ ಎಂದಳು. ಫೀ ಹಿಡಿಯುತ್ತಾರೆ ಎಂದೆ. ಮತ್ತೇನೂ ಕೇಳಲಿಲ್ಲ. "ಭಾಳ ಪುಣ್ಯಾ ಬರ್ತದ ನಿನಗ. ಹೆಸರೇನವ್ವಾ?"

"ಸ್ನೇಹಾ."

ಇಲ್ಲಿ ಎಲ್ಲರಿಗೂ ಒಂದು ಆಫೀಸ್ ಹೆಸರಿದೆ.

ಮೇ 25, ಶನಿವಾರ

ಸಾಬವ್ವನೇ ಫೋನ್ ಮಾಡಿದ್ದಳು. ಆಫೀಸ್ ಫೋನು ಮನೆಗೂ ತರುತ್ತೇನಲ್ಲ, ಅದಕ್ಕೆ. ಸೇರಿದ ದಿನವೇ ನಮ್ಮೆಲ್ಲರ ಆಧಾರ್ ತೆಗೆದುಕೊಂಡು ನಮ್ಮ ನಮ್ಮ ಹೆಸರಲ್ಲೇ ಸಿಮ್ ಮಾಡಿಸಿಕೊಟ್ಟಿದ್ದಾರೆ. "ಫಾರ್ಮಾಲಿಟಿ ಅಷ್ಟೇ ಕಣ್ರೀ" ಎಂದಿದ್ದರು ಮ್ಯಾನೇಜರ್ ವಸಂತ್ ಸರ್.

ಮಷಿನ್ ಬಂದಿದೆಯಂತೆ. ಅಣ್ಣನ ಹೆಂಡತಿ ಪಡಸಾಲೆಯಲ್ಲಿ ಇಡಗೊಡಲಿಲ್ಲ, ದನದ ಕೊಟ್ಟಿಗೆ ಗುಡಿಸಿ ಅಲ್ಲಿಟ್ಟಿದ್ದಾಳೆ. ಫೋನಿನಲ್ಲೇ ಗರಗರ ಸದ್ದು ಕೇಳಿಸಿದಳು. ಹಿಂದೆ ಹೆಂಗಸರ ಗದ್ದಲ. ಊರಿನವರೆಲ್ಲ ರವೆ ಕಲಸಿಕೊಂಡು ಪಾಳಿ ಹಚ್ಚಿದ್ದಾರಂತೆ.

"ನೀ ಒಮ್ಮೆ ಊರಿಗೆ ಬಾ ತಂಗಿ. ಶಾವಿಗಿ ಬಸದು, ಬೆಲ್ಲ ಹಾಲು ಹಾಕಿ ಉಣಸ್ತೀನಿ."

"ನೀವೇ ಮುಂಬೈಗೆ ಬರ್ರಿ ಅಕ್ಕ, ನಮ್ಮ ಮನಿಗೆ."

ಸುಮ್ಮನೆ ಬಾಯಿಮಾತಿಗೆ ಅಂದದ್ದು.

ಫೋನ್ ಇಟ್ಟ ಮೇಲೆ ಗಂಡ ಸಂಗಮೇಶ ಕೇಳಿದ: "ಈಗ ಶಾವಿಗಿ ಮಷಿನ್ ತಗೊಂಡಾಳ? ಮಿರಗದ ಮಳಿ ಬಂತಲ್ಲ." ಇವನು ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುತ್ತಾನೆ. ಹೊಲ ಬಿಟ್ಟು ಎಷ್ಟೋ ವರ್ಷವಾದರೂ ಮಳೆಯ ಲೆಕ್ಕ ಬಿಟ್ಟಿಲ್ಲ. ಮಳೆ ಹಿಡಿದರೆ ಶಾವಿಗೆ ಒಣಗುವುದಿಲ್ಲ. ಮುಂದಿನ ಬೇಸಿಗೆಯ ತನಕ ಆ ಮಷಿನ್ನು ಸುಮ್ಮನೆ ನಿಲ್ಲುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮೊದಲ ಕಂತು ಜೂನಿನಲ್ಲೇ.

ಜುಲೈ 2, ಮಂಗಳವಾರ

ಪ್ರಮೋಷನ್. ರಿಕವರಿ ಸೆಕ್ಷನ್, ಅಂದರೆ ಸಾಲ ವಸೂಲಿ. ಪಗಾರ ಜಾಸ್ತಿ. ವಸಂತ್ ಸರ್ ಕ್ಯಾಬಿನ್ನಿಗೆ ಕರೆದು ಕೂರಿಸಿದರು. ಮೈಸೂರಿನವರು, ದನಿ ಏರಿಸುವವರಲ್ಲ.

"ನೋಡಿ ಭಾಗ್ಯಾ, ಹುಡುಗರು ಹಿಂದೀಲಿ ಬೈದ್ರೆ ಆ ಜನಕ್ಕೆ ತಟ್ಟೋದೇ ಇಲ್ಲ. ನೀವು ಆ ಕಡೆಯವರು. ಏನಂದ್ರೆ ನಾಟುತ್ತೆ ಅಂತ ನಿಮಗೆ ಗೊತ್ತಿರುತ್ತೆ. ಒಂದು ಸ್ಕ್ರಿಪ್ಟ್ ಬರ್ಕೊಡಿ."

ಬರೆದುಕೊಟ್ಟೆ. ಮೊದಲು ನಯವಾಗಿ. ಆಮೇಲೆ — ನಿಮ್ಮ ಓಣಿಯಾಗ ನಾಳೆ ಹ್ಯಾಂಗ ತಲಿ ಎತ್ತಿ ಅಡ್ಡಾಡ್ತೀರಿ. ನಿಮ್ಮ ತವರುಮನಿಯವ್ರಿಗೆ ಫೋನ್ ಹಚ್ಲೇನು. ಸಂಘದ ಹೆಣ್ಮಕ್ಕಳಿಗೆ ಹೇಳ್ಲೇನು. ವಸಂತ್ ಸರ್ ಎರಡು ಸಲ ಓದಿಸಿದರು. "ಬ್ರಿಲಿಯಂಟ್" ಎಂದರು. ಸಂಜೆ ಹರಿಣಾಕ್ಷಿ ಅದನ್ನು ತನ್ನ ಕಡೆಯ ರಾಗದಲ್ಲಿ ಓದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಹೊಸ ಚಪ್ಪಲಿ ತೆಗೆದುಕೊಂಡೆ. ಸಂಗಮೇಶನ ಸೊಂಟಕ್ಕೆ ಒಂದು ಪಟ್ಟಿ ಕೂಡ. ಎರಡು ದಿನ ದುಡಿದರೆ ಒಂದು ದಿನ ಮಲಗುತ್ತಾನೆ ಈಗ.

ಆಗಸ್ಟ್ 14

ಫೋನಿನಲ್ಲಿ ಸಾಬವ್ವ ಅಳುತ್ತಿದ್ದಳು. ಕಂತು ತಪ್ಪಿದ್ದಕ್ಕೆ ಅವಳ ಫೈಲು ಗುರುನಾಥನ ಹತ್ತಿರ ಹೋಗಿದೆ. ಕಲಬುರಗಿಯ ಹುಡುಗ, ನನ್ನ ಎಡಕ್ಕೇ ಕೂರುತ್ತಾನೆ. ಅವನು ಬೆಳಗ್ಗೆ ಅವಳಿಗೆ ಹೇಳಿದ್ದನ್ನೆಲ್ಲ ನಾನು ಇಲ್ಲೇ ಕೂತು ಕೇಳಿದ್ದೆ.

"ಯಾರೋ ಗಂಡಸು ಬೈತಾನವ್ವಾ. ಹಗಲೆಲ್ಲಾ ಹಚ್ತಾನ. ನನ್ನ ಅಣ್ಣನ ನಂಬರೂ ಅದ ಅಂತಾನ. ನೀ ಬ್ಯಾಂಕಿನಾಕಿ, ಒಂದ್ ಮಾತು ಹೇಳಿ ನೋಡು ಅವರಿಗೆ."

"ಅವರು ಬ್ಯಾರೆ ಕಂಪನಿಯವ್ರು ರಿ ಅಕ್ಕ. ನಮಗ ಸಂಬಂಧಿಲ್ಲ."

ಹೇಗೆ ಬಾಯಿಗೆ ಬಂತೋ. ಬಂತು.

ವಸಂತ್ ಸರ್‌ಗೆ ಹೇಳಿದೆ, ಬೇಸಿಗೆ ತನಕ ಟೈಮ್ ಕೊಡಿ, ಖಂಡಿತ ಕಟ್ಟುತ್ತಾಳೆ ಅಂತ. "ಇನ್ನೊಂದು ಲೋನ್ ಕೊಟ್ಟು ಇದನ್ನ ಕ್ಲೋಸ್ ಮಾಡ್ಸಿ. ನಿಮಗೂ ಇನ್ಸೆಂಟಿವ್ ಬರುತ್ತೆ." ನಮ್ಮದೇ ಇನ್ನೊಂದು ಆ್ಯಪ್ ಇದೆ, ಬಣ್ಣ ಬೇರೆ, ಹೆಸರು ಬೇರೆ. ಸಂಜೆ ಅದನ್ನೂ ಹಾಕಿಸಿದೆ. ಈ ಸಲ ಅವಳು ಏನೂ ಕೇಳಲಿಲ್ಲ. ಹೂಂ, ಹೂಂ, ಹೂಂ.

"ನೀ ಇಲ್ಲದಿದ್ರ ಏನ್ ಮಾಡ್ತಿದ್ನೋ ತಂಗಿ."

ಇನ್ಸೆಂಟಿವ್ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಎರಡನೇ ಸಾಲದ ಕಂತೂ ತಪ್ಪಿದೆ ಎಂದು ಗುರುನಾಥ ಸ್ಕ್ರೀನ್ ತೋರಿಸಿದ. ಸಾಬವ್ವನ ಆಧಾರ್ ಫೋಟೋ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕಳ್ಳಿ. ಅದರ ಕೆಳಗೆ ಇನ್ನೊಂದು ಮಾತು. ಅದನ್ನು ಇಲ್ಲಿ ಬರೆಯಲಾರೆ. ಅವಳ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಹೋಗಿಯಾಗಿತ್ತು. ಅಣ್ಣ, ಅತ್ತಿಗೆ, ಅಂಗನವಾಡಿ ಟೀಚರ್, ಸಂಘದ ಹೆಂಗಸರು, ಗಿರಣಿಯವ.

"ಇದನ್ನ್ಯಾಕ ಮಾಡಿದಿ? ಕಟ್ತೀನಿ ಅಂದಾಳಲ್ಲ."

"ಎಲ್ಲರೂ ಅಂತಾರ. ಟಾರ್ಗೆಟ್ ನೀ ಮುಟ್ಟಸ್ತೀಯೇನು ನಂದು?"

ಬಾತ್‌ರೂಮಿಗೆ ಹೋಗಿ ಅವಳಿಗೆ ಫೋನ್ ಹಚ್ಚಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಸ್ವಿಚ್ ಆಫ್.

ಮನೆಗೆ ಬಂದು ಅನ್ನಕ್ಕಿಟ್ಟು ಮರೆತೆ. ಸೀದುಹೋಯಿತು. ಸಂಗಮೇಶ ಏನಾಯಿತು ಎಂದ. ಏನಿಲ್ಲ ಎಂದೆ.

ಸೆಪ್ಟೆಂಬರ್ 19

ಸ್ವಿಚ್ ಆಫ್.

ಅಕ್ಟೋಬರ್ 20, ಭಾನುವಾರ

ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್.

"ತಂಗಿ, ನಾ ಸಾಬವ್ವ. ಕಲ್ಯಾಣ ಅಂತ ಟೇಸನ್ ಅದ, ಅಲ್ಲಿ ಇಳದೀನಿ. ನಿನ್ನ ನಂಬರ್ ಚೀಟ್ಯಾಗ ಬರಸ್ಕೊಂಡು ಬಂದೀನಿ, ಮಂದಿ ಫೋನ್ ಇಸ್ಕೊಂಡು ಮಾತಾಡಾಕತ್ತೀನಿ. ಮುಂಬೈದಾಗ ನನಗ ಗೊತ್ತಿರಾಕಿ ನೀ ಒಬ್ಬಾಕಿನೇ."

ಹಾಗೇ ಓಡಿದೆ. ಟಿಕೆಟ್ ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ತೂತು ಬಿಟ್ಟ ಬೋಳು ಕಿವಿ. ಒಂದು ಕೈಚೀಲ. ನನ್ನ ದನಿ ಕೇಳಿದ ಕೂಡಲೇ ಎದ್ದು ನಿಂತು ನನ್ನ ಎರಡೂ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಮುರಿದಳು.

ಲೋಕಲಿನಲ್ಲಿ ಕೂತು ಎಲ್ಲ ಹೇಳಿದಳು. ಫೋಟೋ ಬಂದ ದಿನ ಅಣ್ಣ ಕೊಟ್ಟಿಗೆಗೆ ಬೀಗ ಹಾಕಿದ. ಸಂಘದ ಹೆಂಗಸರು, "ನಿನ್ನ ಸಲುವಾಗಿ ನಮಗೂ ಸಾಲ ಹುಟ್ಟಂಗಿಲ್ಲ" ಎಂದು ಹೆಸರು ತೆಗೆದರು. ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಮಷಿನ್ನನ್ನು ಅಣ್ಣನೇ ಗುಜರಿಗೆ ಹಾಕಿದ.

"ಕೆಳಗ ಏನೋ ಬರದಿದ್ರಂತಲ್ಲ ತಂಗಿ. ನನಗ ಓದಾಕ ಬರಾಂಗಿಲ್ಲ. ಯಾರೂ ಓದಿ ಹೇಳ್ಲಿಲ್ಲ. ಏನ್ ಬರದಿದ್ರು?"

ಗೊತ್ತಿಲ್ಲ ಎಂದೆ. ಮುಂಬ್ರಾ ಟೇಸನ್ ಬಂತು ಎಂದೆ. ಕಿಟಕಿಯಾಚೆ ಖಾಡಿ, ಸಮುದ್ರದ ಹಿನ್ನೀರು ತೋರಿಸಿದೆ.

ಮನೆಯಲ್ಲಿ ಸಂಗಮೇಶ ಚಹಾ ಮಾಡಿಟ್ಟಿದ್ದ. "ಇರ್ಲಿ ಬಿಡು ಎಷ್ಟ್ ದಿನ ಬೇಕಾದ್ರ. ನಮ್ಮ ಕಡೀಯಾಕಿ." ನನ್ನ ನಿಜವಾದ ಹೆಸರು ಭಾಗ್ಯಾ ಎಂದು ಹೇಳಿದಾಗ ಸಾಬವ್ವ ನಕ್ಕಳು. "ಆಫೀಸಿಗೊಂದು, ಮನಿಗೊಂದು!"

ಅಕ್ಟೋಬರ್ 24

ಬೆಳಗ್ಗೆ ಏಳುವಷ್ಟರಲ್ಲಿ ನೀರು ತುಂಬಿ, ರೊಟ್ಟಿ ಬಡಿದಿಟ್ಟಿರುತ್ತಾಳೆ. ಡಬ್ಬಿ ಕಟ್ಟಿಕೊಡುತ್ತಾಳೆ. ಆಫೀಸಿನಲ್ಲಿ ಆ ಡಬ್ಬಿ ತೆರೆದೆ. ಎಡಕ್ಕೆ ಗುರುನಾಥ "ವಾಹ್, ಜ್ವಾಳದ ರೊಟ್ಟಿ" ಎಂದು ಒಂದು ಎತ್ತಿಕೊಂಡ. ತಿಂದು ಬೆರಳು ನೆಕ್ಕಿ ಮುಂದಿನ ನಂಬರ್ ಹಚ್ಚಿದ. ನಾನು ಡಬ್ಬಿ ಮುಚ್ಚಿಟ್ಟೆ.

ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಮನೆಗೆ ಹೋದೆ. ಸಂಗಮೇಶನ ಸೊಂಟಕ್ಕೆ ಹರಳೆಣ್ಣೆ ಕಾಸುತ್ತಿದ್ದಳು. ನಾಳೆ ನೋಡೋಣ.

ಅಕ್ಟೋಬರ್ 27, ಭಾನುವಾರ

ನಾನಾಗಿ ಹೇಳುವುದು ಉಳಿಯಲಿಲ್ಲ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಸಾಬವ್ವ ಯಾಕೋ ಬಹಳ ದಿನದ ಮೇಲೆ ತನ್ನ ಫೋನ್ ಆನ್ ಮಾಡಿದ್ದಳು, ಅಣ್ಣನಿಗೆ ಮಾತಾಡಬೇಕು ಅಂತ. ಆನ್ ಆದ ಸ್ವಲ್ಪ ಹೊತ್ತಿಗೇ ರಿಂಗು. ಭಾನುವಾರವೂ ರಿಕವರಿಗೆ ರಜೆ ಇಲ್ಲ. ಸ್ಪೀಕರ್ ಮೇಲೆ ಗುರುನಾಥನ ದನಿ.

"ಏ ಸಾಬವ್ವ, ಊರು ಬಿಟ್ರ ಬಿಡ್ತೀವಿ ಅನ್ಕೊಂಡಿ?"

ಅವಳು ಫೋನನ್ನು ನನ್ನ ಕಡೆ ಚಾಚಿದಳು. "ನೀ ಮಾತಾಡವ್ವಾ. ನೀ ಓದಿದಾಕಿ. ಬೇಸಿಗಿ ತನಕ ತಡೀರಿ ಅಂತ ಹೇಳು."

ನಾನು ತೆಗೆದುಕೊಳ್ಳಲಿಲ್ಲ. ಸಂಗಮೇಶ ನನ್ನನ್ನೇ ನೋಡಿದ. "ಮಾತಾಡಲ್ಲ?"

"ಹಲೋ" ಎಂದೆ. ಅಷ್ಟೇ.

ಆ ಕಡೆಯಿಂದ, "...ಭಾಗ್ಯಾ? ಏ, ನೀ ಏನ್ ಮಾಡಾಕತ್ತಿ ಅಲ್ಲಿ?" ನಗುತ್ತಿದ್ದ. "ಬಾಜೂಕ ಕುಂತು ಕುಂತು ನಿನ್ನ ದನಿ ಗೊತ್ತಾಗಲ್ಲೇನು? ವಸಂತ್ ಸರ್ ನಿನಗ ಸಾಲದ ಪಾರ್ಟಿ ಮನಿಗೂ ಹೋಗಾಕ ಹಚ್ಚಿದ್ರೇನು?"

ಕಟ್ ಮಾಡಿದೆ. ಸಾಬವ್ವ ತುತ್ತು ಹಿಡಿದವಳು ಹಾಗೇ ಕೂತಿದ್ದಳು. ಎಲ್ಲ ಹೇಳಿದೆ. ಬೇರೆ ಕಂಪನಿ ಅಲ್ಲ ಅಂತ. ಎರಡನೇ ಸಾಲವೂ ನಮ್ಮದೇ ಅಂತ. ಬೈಗುಳದ ಮಾತು ನಾನೇ ಬರೆದುಕೊಟ್ಟದ್ದು ಅಂತ. ಹೇಳುತ್ತ ಹೋದಂತೆ ಸಂಗಮೇಶ ಎದ್ದು ಬಾಗಿಲ ಹೊರಗೆ ಹೋಗಿ ನಿಂತ.

ಅವಳು ತುತ್ತನ್ನು ತಾಟಿಗೆ ಹಾಕಿದಳು. "ಹಂಗಾರ ನನ್ನ ಫೋಟೋದ ಕೆಳಗ ಬರದದ್ದು ನಿನಗ ಗೊತ್ತದ."

"ಗೊತ್ತದ ಅಕ್ಕ."

"ಹೇಳು."

ಹೇಳಿದೆ. ಬಾಯಿಬಿಟ್ಟು, ಅವಳ ಮುಖದ ಮುಂದೆ, ಆ ಮಾತು ಹೇಳಿದೆ.

ಅವಳು ಕೈ ತೊಳೆದಳು. ತಾಟೂ ತೊಳೆದಿಟ್ಟಳು. ಕೈಚೀಲ ಹಿಡಿದು ಮೆಟ್ಟಿಲಿಳಿದಳು. ಹಿಂದೆ ಓಡಿದೆ. ಕಳವಾ ಟೇಸನ್ನಿನ ಸೇತುವೆಯ ಮೇಲೆ ತಿರುಗಿ, "ಬರಬ್ಯಾಡ" ಎಂದಳು. ಜನರಲ್ಲಿ ಸೇರಿಹೋದಳು.

ಅಕ್ಟೋಬರ್ 28

ಕೆಲಸ ಬಿಟ್ಟೆ. ವಸಂತ್ ಸರ್ ತಲೆ ಎತ್ತದೆ, "ನಿಮ್ಮಿಷ್ಟ. ಈ ತಿಂಗಳ ಸ್ಯಾಲರಿ ಹೋಲ್ಡ್ ಆಗುತ್ತೆ" ಎಂದರು. ಹರಿಣಾಕ್ಷಿ ಲಿಫ್ಟಿನ ತನಕ ಬಂದಳು. "ನನಗೂ ಬಿಡ್ಬೇಕು ಅಂತ ಉಂಟು. ಆದ್ರೆ ಎಂತ ಮಾಡುದು ಹೇಳು, ರೂಮ್ ಭಾಡೆ ಯಾರು ಕೊಡುದು?"

ಸಂಗಮೇಶ ನಿನ್ನೆಯಿಂದ ಮಾತಾಡಿಲ್ಲ. ಸೊಂಟದ ಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿ ಕೆಲಸಕ್ಕೆ ಹೋದ.

ನವೆಂಬರ್ 11, ಸೋಮವಾರ

ಸಾಬವ್ವನನ್ನು ಹುಡುಕಿದ್ದೇ ಬಂತು. ಕಲ್ಯಾಣ, ಡೊಂಬಿವಲಿ, ಕಟ್ಟಡದ ಕೆಲಸ ನಡೆಯುವ ಕಡೆಯೆಲ್ಲ. ನಮ್ಮ ಕಡೆಯ ಹೆಂಗಸರು ಬುಟ್ಟಿ ಹೊರುವ ಕಡೆಯೆಲ್ಲ. ಯಾರಿಗೂ ಗೊತ್ತಿಲ್ಲ.

ಇವತ್ತು ಪೊಲೀಸ್ ಠಾಣೆಗೆ ಹೋದೆ. ಒಬ್ಬಳೇ. ಸಬ್ ಇನ್ಸ್‌ಪೆಕ್ಟರ್ ಒಬ್ಬರು ಮೇಡಂ. ನನ್ನ ಹಿಂದಿಯಲ್ಲಿ ಹೇಳಿದೆ. ಆಫೀಸು, ಆ್ಯಪ್, ಫೋಟೋ. ಕೇಳಿಸಿಕೊಂಡರು. ಕಂಪ್ಯೂಟರಿನಲ್ಲಿ ಏನೋ ನೋಡಿದರು.

"ಈ ನಂಬರ್ ಯಾರದು?"

ಆಫೀಸ್ ಫೋನಿನ ನಂಬರು. ಅದರ ಮೇಲೆ ಆಗಲೇ ಎಲ್ಲೆಲ್ಲಿಂದಲೋ ದೂರು ಬಂದಿವೆಯಂತೆ. ನಾನು ಬಿಟ್ಟ ಮೇಲೆ ಆ ಫೋನು ಯಾರ ಕೈಯಲ್ಲಿದೆಯೋ.

"ನನ್ನ ಹೆಸರಲ್ಲೇ ಇದೆ ಮೇಡಂ. ಆದರೆ —"

"ಆದರೆ ಏನು?"

ಮಹಾಪೆಗೆ ಇಬ್ಬರು ಕಾನ್‌ಸ್ಟೇಬಲ್ ಜೊತೆ ಕರೆದುಕೊಂಡು ಹೋದರು. ಫ್ಲೋರ್ ಖಾಲಿ. ವೈರುಗಳು ಮಾತ್ರ ನೇತಾಡುತ್ತಿವೆ. ದೀಪಾವಳಿ ರಜೆ ಅಂತ ಹೋದವರು ಬರಲೇ ಇಲ್ಲ ಎಂದ ವಾಚ್‌ಮನ್. ವಸಂತ್ ಸರ್ ನಂಬರ್ ಬಂದ್. ಗುರುನಾಥನದೂ ಬಂದ್. ಹರಿಣಾಕ್ಷಿ ಎತ್ತಿದಳು, "ನನ್ನ ಹೆಸ್ರು ಮಾತ್ರ ಹೇಳ್ಬೇಡ" ಎಂದು ಇಟ್ಟಳು.

ಹೆಸರು, ವಿಳಾಸ, ಆಧಾರ್ ಎಲ್ಲ ಇರುವವಳು ಈಗ ನಾನೊಬ್ಬಳೇ. ಮೇಡಂ ಅಂದರು: ಆ ಹೆಂಗಸು ಬಂದು ಹೇಳಿಕೆ ಕೊಟ್ಟರೆ ಕೇಸು ಮುಂದೆ ಹೋಗುತ್ತದೆ. ಇಲ್ಲವಾದರೆ ಕಾಗದದ ಮೇಲೆ ಆರೋಪಿ ನೀನೇ.

ನವೆಂಬರ್ 18

ನಿನ್ನೆ ರಾತ್ರಿ ಸಂಗಮೇಶ ಮೂರು ವಾರದ ಮೇಲೆ ಬಾಯಿಬಿಟ್ಟ. "ಸಾಬವ್ವ ಕಳಂಬೋಲ್ಯಾಗ ಅದಾಳ. ಟ್ರಕ್ಕಿನವರ ಖಾನಾವಳಿಯಾಗ ಚಪಾತಿ ಲಟ್ಟಸ್ತಾಳ."

"ಯಾವಾಗ ನೋಡಿದಿ?"

"ಮೊದಲನೇ ದಿನದಿಂದ ಗೊತ್ತು, ನನ್ನ ಹುಡಕೊಂಡು ಮಾರ್ಕೆಟ್ಟಿಗೆ ಬಂದಿದ್ಲು. ನಾನೇ ಕೆಲಸಕ್ಕ ಹಚ್ಚಿದ್ದು. ನಿನಗ ಹೇಳಬ್ಯಾಡ ಅಂದಿದ್ಲು."

ಬೆಳಗ್ಗೆಯೇ ಹೋದೆ. ಕಬ್ಬಿಣದ ಸದ್ದು, ಧೂಳು. ಖಾನಾವಳಿಯ ಹಿಂದೆ ಹೆಂಚಿನ ಮುಂದೆ ಕೂತಿದ್ದಳು. ನೋಡಿದಳು. ಲಟ್ಟಣಿಗೆ ನಿಲ್ಲಿಸಲಿಲ್ಲ. ನಿಂತೇ ಹೇಳಿದೆ — ಠಾಣೆಗೆ ಬರಬೇಕು, ಹೇಳಿಕೆ ಕೊಡಬೇಕು, ನನ್ನ ಮೇಲೆಯೇ ಆದರೂ ಸರಿ.

"ನಾ ಹೇಳಿದ್ರ ನನ್ನ ಹೆಸರು ತೊಳೀತದೇನು ಊರಾಗ?"

"ಇಲ್ಲ ಅಕ್ಕ."

"ಮಷಿನ್ ಬರತದೇನು?"

"ಇಲ್ಲ."

"ಮತ್ಯಾಕ?"

ಬಹಳ ಹೊತ್ತು ಚಪಾತಿ ತಿರುವಿದಳು. ಕೊನೆಗೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಕೇಳಿದಳು: "ಆ ಮಾತು ಬರದದ್ದು ಸುಳ್ಳು ಅಂತ ಒಂದ್ ಕಡೆ ಬರಕೋತಾರೇನು ಅವರು? ಸರಕಾರದ ಕಾಗದದಾಗ?"

"ಬರಕೋತಾರ."

"ಬರ್ತೀನಿ."

ನವೆಂಬರ್ 25, ಸೋಮವಾರ

ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಡಂ ಒಳಗೆ ಹೋಗಿದ್ದಾರೆ.

ಬೆಳಗ್ಗೆ ಸಾಬವ್ವ ಸಂಗಮೇಶನ ಜೊತೆ ಬಂದಳು. ಅವನು ಬಿಟ್ಟು ಕೆಲಸಕ್ಕೆ ಹೋದ. ಮೇಡಂ ಮರಾಠಿಯಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು. ಸಾಬವ್ವನಿಗೆ ಎರಡೂ ಬರುವುದಿಲ್ಲ. ಇಡೀ ಠಾಣೆಯಲ್ಲಿ ಕನ್ನಡ ಬರುವವರು ಯಾರೂ ಇಲ್ಲ. ಇದ್ದ ಒಬ್ಬ ಸೊಲ್ಲಾಪುರದ ಹವಾಲ್ದಾರ ರಜೆಯಲ್ಲಿದ್ದಾನೆ. ಮೇಡಂ ಗೋಡೆಯ ಗಡಿಯಾರ ನೋಡಿ, ನನ್ನನ್ನು ನೋಡಿ, "ತೂಚ್ ಸಾಂಗ್" ಎಂದರು. ನೀನೇ ಹೇಳು ಎಂದು.

ಸಾಬವ್ವ ಹೇಳುತ್ತ ಹೋದಳು. ನಾನು ಹಿಂದಿ ಮಾಡುತ್ತ ಹೋದೆ. ಮೇಡಂ ಬರೆಯುತ್ತ ಹೋದರು. ಸಾಬವ್ವ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಒಮ್ಮೆ ಮಾತ್ರ ಅಂದಳು: "ನಾ ಅಂದದ್ದಷ್ಟೇ ಹೇಳು. ಹೆಚ್ಚ ಬ್ಯಾಡ, ಕಡಿಮಿ ಬ್ಯಾಡ."

ಮೊದಲ ಸಲ ಫೋನ್ ಮಾಡಿದ್ದು ಯಾರು ಎಂದು ಮೇಡಂ ಕೇಳಿದರು.

"ಸ್ನೇಹಾ ಅಂತ ಹೆಸರು ಹೇಳಿದ್ಲು. ಭಾಳ ಚಂದ ಮಾತಾಡ್ತಿದ್ಲು. ತಂಗಿ ಅಂತ ತಿಳಕೊಂಡಿದ್ದೆ."

ಅಷ್ಟೇ ಅಂದಳು. ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೂ ಅಷ್ಟೇ ಹೇಳಿ ಮುಂದೆ ಹೋಗಬಹುದಿತ್ತು. ಹಿಂದಿಯಲ್ಲಿ ಹೇಳಿದೆ, ಒಂದೊಂದೇ ಮಾತು. ಆಮೇಲೆ ಹೇಳಿದೆ, ಆ ಸ್ನೇಹಾ ನಾನೇ ಮೇಡಂ. ಸಿಮ್ ಬಗ್ಗೆ ಮೊದಲೇ ಹೇಳಿದ್ದೆ, ರಿಕವರಿ ಸೆಕ್ಷನ್ ಅಂತಲೂ ಹೇಳಿದ್ದೆ. ಈ ಹೆಂಗಸಿಗೆ ಸಾಲ ಕೊಡಿಸಿದ್ದು ನಾನು ಎಂದು ಮಾತ್ರ ಹೇಳಿರಲಿಲ್ಲ.

ಮೇಡಂ ಪೆನ್ ಕೆಳಗಿಟ್ಟರು. ಹೊರಗೆ ಕೂರಿ, ಸಾಹೇಬರನ್ನು ಕೇಳುತ್ತೇನೆ ಎಂದರು.

ಬೆಂಚಿನ ಆ ತುದಿಗೆ ಸಾಬವ್ವ, ಈ ತುದಿಗೆ ನಾನು. ಅವಳೇ ಕೇಳಿದಳು.

"ಏನಂದಿ ಆಕಿಗೆ? ಬರಿಯೂದು ಯಾಕ ನಿಲ್ಲಿಸಿದ್ಲು?"

ಹೇಳಿದೆ.

"ಹಿಡೀತಾರೇನು ನಿನ್ನ?"

"ಗೊತ್ತಿಲ್ಲ ಅಕ್ಕ. ಹಿಡೀಬಹುದು."

ಆಗ ಮೊದಲ ಸಲ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಹೆದರಿಕೆ ಇತ್ತು.

"ನನ್ನ ಮಾತು ಇನ್ನಾ ಅರ್ಧ ಉಳದದ. ಫೋಟೋದ್ದು ಹೇಳಿಲ್ಲ ನಾ. ನಿನ್ನ ಹಿಡದ್ರ ಅದನ್ನ ಇವರಿಗೆ ಯಾರ್ ಹೇಳ್ತಾರ?"

ಮೇಡಂ ಬಂದರು. ಹಿಂದೆ ಸಾಹೇಬರು. ಒಳಗೆ ಕರೆಯುತ್ತಿದ್ದಾರೆ. ಇಬ್ಬರನ್ನೂ ಅಲ್ಲ, ನನ್ನನ್ನೊಬ್ಬಳನ್ನೇ. ಸಾಬವ್ವನೂ ಎದ್ದು ನಿಂತಿದ್ದಾಳೆ, ಕೂರು ಅಂದರೂ ಕೂರುತ್ತಿಲ್ಲ, ನನ್ನ ಸೆರಗು ಹಿಡಿದುಕೊಂಡು —